ಮನೆವಾರ್ತೆ: ಹಬ್ಬ ಕಳೆದ ಮೇಲಿನ ಪೆಟ್ಟಿಗೆ

ಹಬ್ಬವನ್ನು ಬರಮಾಡಿಕೊಳ್ಳುವ ಉತ್ಸಾಹ ಎಲ್ಲ ಮನೆಗಳಲ್ಲಿಯೂ ಉಂಟು. ಅದನ್ನು ಮರ್ಯಾದೆಯಿಂದ ಬೀಳ್ಕೊಡುವ ತಾಳ್ಮೆ ಕೆಲವೇ ಮನೆಗಳಲ್ಲಿ ಕಾಣಬರುತ್ತದೆ. ಕ್ರಿಸ್ತಜಯಂತಿಯು ಸಮೀಪಿಸಿತೆಂದರೆ ಅಂಗಳದಲ್ಲಿ ನಕ್ಷತ್ರದೀಪವನ್ನು ಏರಿಸುವುದಕ್ಕೆ ಹತ್ತು ಕೈಗಳು ಮುಂದಾಗುತ್ತವೆ. ಗೋದಲಿಯ ಬೆಟ್ಟಕ್ಕೆ ಬಣ್ಣ ಬಳಿಯುವುದಕ್ಕೆ ಮಕ್ಕಳು ತಮ್ಮತಮ್ಮಲ್ಲಿ ಜಗಳವಾಡುತ್ತಾರೆ. ಜನವರಿಯಲ್ಲಿ ಅವೆಲ್ಲವನ್ನೂ ಇಳಿಸುವ ದಿನ ಬಂದಾಗ ಏಣಿಯ ಬಳಿಯಲ್ಲಿ ಉಳಿಯುವವರು ಮನೆಯ ಯಜಮಾನಿ ಒಬ್ಬರೇ. ಮಕ್ಕಳಿಗೆ ಶಾಲೆ, ಉಳಿದವರಿಗೆ ಕಚೇರಿ. ಹೀಗಿರಲು, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಪೆಟ್ಟಿಗೆಗೆ ತುರುಕಿ ಅಟ್ಟಕ್ಕೆ ಏರಿಸಿಬಿಡುವುದು ಸಹಜವೇ ಆಗಿದೆ. ಹನ್ನೊಂದು ತಿಂಗಳು ಕಳೆದು ಆ ಪೆಟ್ಟಿಗೆಯನ್ನು ತೆರೆದಾಗ, ಅಜ್ಜಿಯ ಕಾಲದ ಮಾತೆ ಮರಿಯಮ್ಮನವರ ಪ್ರತಿಮೆಯ ಬಣ್ಣ ಹಕ್ಕಳೆಯೆದ್ದಿರುತ್ತದೆ. ಗಾಜಿನ ಗುಂಡುಗಳು ಮಂಕಾಗಿರುತ್ತವೆ. ಕಾಗದದ ನಕ್ಷತ್ರದ ಅಂಚನ್ನು ಹುಳುಗಳು ತಿಂದಿರುತ್ತವೆ. ಆಗ ಪೇಟೆಗೆ ಹೋಗಿ ಹೊಸದನ್ನು ತರಬಹುದು. ಆದರೆ ಅಜ್ಜಿಯ ಕೈ ಮುಟ್ಟಿದ ವಸ್ತು ಯಾವ ಪೇಟೆಯಲ್ಲಿಯೂ ದೊರೆಯುವುದಿಲ್ಲ.

ಆದಕಾರಣ ಈ ತಿಂಗಳಿನ ಮನೆವಾರ್ತೆಯಲ್ಲಿ ನಾವು ಹಬ್ಬದ ಅಲಂಕಾರಗಳನ್ನು ಇಳಿಸಿ, ಕಟ್ಟಿ, ಕಾಪಾಡುವ ಕ್ರಮವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ. ಕ್ರೈಸ್ತ ವಾಚಕರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು. ದಸರೆಯ ಗೊಂಬೆಗಳನ್ನು ಪ್ರತಿವರ್ಷವೂ ಕಟ್ಟಿಡುವ ಮನೆಗಳವರಿಗೂ ಇದರಲ್ಲಿ ಅಪರಿಚಿತವಾದುದು ಹೆಚ್ಚೇನೂ ಇರಲಾರದು. ಏಕೆಂದರೆ ಪೆಟ್ಟಿಗೆಯ ಒಳಗಿರುವ ವಸ್ತು ಯಾವುದಾದರೂ ಅದರ ಶತ್ರುಗಳು ಒಬ್ಬರೇ.

ಮೊದಲು ಕಾಲದ ಮಾತು. ಅಲಂಕಾರವನ್ನು ಯಾವಾಗ ಇಳಿಸಬೇಕು? ಪಶ್ಚಿಮದ ಸಭೆಗಳ ಹಳೆಯ ರೂಢಿಯಂತೆ ಹಬ್ಬವು ಡಿಸೆಂಬರ್ ೨೫ರಿಂದ ಹನ್ನೆರಡು ದಿನ ನಡೆದು, ಜನವರಿ ೬ರಂದು ಬರುವ ಮೂವರು ರಾಯರ ಹಬ್ಬಕ್ಕೆ ತಲಪುತ್ತದೆ. ಮೂಡಣ ದೇಶದ ಜೋಯಿಸರು ಶಿಶುವಿನ ಬಳಿಗೆ ಬಂದುದನ್ನು ಅಂದು ನೆನೆಯುತ್ತಾರೆ. ಗೋದಲಿಯಲ್ಲಿ ದಿನಕ್ಕಷ್ಟು ದೂರದಂತೆ ಒಂಟೆಗಳನ್ನು ಮುಂದಕ್ಕೆ ಸರಿಸುತ್ತ ಬಂದ ಮಕ್ಕಳಿಗೆ ಆ ದಿನವೇ ಯಾತ್ರೆಯ ಕೊನೆ. ಇನ್ನು ಕೆಲವು ಮನೆಗಳಲ್ಲಿ ಹಬ್ಬದಿಂದ ನಲವತ್ತನೆಯ ದಿನವಾದ ಫೆಬ್ರವರಿ ೨ರವರೆಗೂ ಗೋದಲಿಯನ್ನು ಇಟ್ಟುಕೊಳ್ಳುವ ಪದ್ಧತಿಯುಂಟು. ಯಾವ ರೂಢಿಯನ್ನು ಅನುಸರಿಸಿದರೂ ತಪ್ಪಿಲ್ಲ. ಮಾರ್ಚ್ ತಿಂಗಳು ಬಂದರೂ ಬಾಗಿಲಿನ ಮೇಲೆ ಧೂಳು ಹಿಡಿದ ನಕ್ಷತ್ರವು ತೂಗಾಡುತ್ತಿರುವುದು ಮಾತ್ರ ಹಬ್ಬಕ್ಕೂ ಶೋಭೆಯಲ್ಲ, ಮನೆಗೂ ಶೋಭೆಯಲ್ಲ. ಜನವರಿ ಮತ್ತು ಫೆಬ್ರವರಿಯ ಒಣಹವೆಯು ನಮ್ಮ ನಾಡಿನಲ್ಲಿ ಈ ಕೆಲಸಕ್ಕೆ ಅತ್ಯಂತ ಅನುಕೂಲವಾದುದೆಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ಇಲ್ಲಿಯೇ ನಾವು ಮುಖ್ಯವೆಂದು ಎಣಿಸುವ ಸಂಗತಿಯನ್ನು ಹೇಳಿಬಿಡುತ್ತೇವೆ. ಈ ವಿಷಯದಲ್ಲಿ ದೊರೆಯುವ ಬುದ್ಧಿವಾದವೆಲ್ಲ ಬಹುಮಟ್ಟಿಗೆ ಶೀತದೇಶಗಳಿಂದ ಬಂದದ್ದು. ಅಲ್ಲಿಯವರು ವಸ್ತು ಬಿದ್ದು ಒಡೆಯದಿರಲೆಂದು ಹೆಚ್ಚಾಗಿ ಚಿಂತಿಸುತ್ತಾರೆ. ಅದಕ್ಕೆ ತಕ್ಕಂತೆ ಮೆತ್ತಗೆ ಸುತ್ತಿ ಬಿಗಿಯಾಗಿ ಮುಚ್ಚಿಡಿರೆನ್ನುತ್ತಾರೆ. ನಮ್ಮಲ್ಲಿಯಾದರೋ ಒಂದು ಕ್ರಿಸ್ತಜಯಂತಿಗೂ ಮತ್ತೊಂದಕ್ಕೂ ನಡುವೆ ಇಡಿಯ ಮಳೆಗಾಲವೇ ಅಡ್ಡಲಾಗಿದೆ. ಮಂಗಳೂರಿನಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬರುತ್ತದೆ. ಆ ದಿನಗಳಲ್ಲಿ ಗೋಡೆ ಬೆವರುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಉಪ್ಪು ಕರಗುತ್ತದೆ. ಅಟ್ಟದ ಮೇಲಿನ ಪೆಟ್ಟಿಗೆಗೆ ಮಾತ್ರ ಅದರಿಂದ ವಿನಾಯಿತಿಯುಂಟೆ? ನಮ್ಮ ಮನೆಗಳಲ್ಲಿ ಅಲಂಕಾರದ ಸಾಮಾನುಗಳು ಬಿದ್ದು ಒಡೆಯುವುದಕ್ಕಿಂತ ತೇವದಿಂದ ಕೆಡುವುದೇ ಹೆಚ್ಚು. ಬಿಗಿಯಾಗಿ ಮುಚ್ಚುವುದು ಒಳ್ಳೆಯದೇ. ಆದರೆ ಒಳಗಿನ ವಸ್ತು ಒಣಗಿದ್ದರೆ ಮಾತ್ರ. ತೇವವನ್ನು ಒಳಗಿಟ್ಟು ಮುಚ್ಚಿದ ಪೆಟ್ಟಿಗೆ ಬೂಷ್ಟು ಬೆಳೆಯುವ ತೋಟವೇ ಸರಿ.

ಇದನ್ನು ಮನಸ್ಸಿನಲ್ಲಿಟ್ಟು ಒಂದೊಂದೇ ವಸ್ತುವನ್ನು ನೋಡೋಣ.

ಗಾಜಿನ ಗುಂಡುಗಳು ಎಲ್ಲಕ್ಕಿಂತ ನಾಜೂಕಾದವು. ಜರ್ಮನಿಯ ತುರಿಂಗಿಯ ಪ್ರಾಂತದಲ್ಲಿ ಲೌಶ ಎಂಬ ಬೆಟ್ಟದೂರಿದೆ. ಅಲ್ಲಿ ೧೫೯೭ರಲ್ಲಿಯೇ ಗಾಜಿನ ಕುಲುಮೆ ಸ್ಥಾಪಿತವಾಗಿತ್ತು. ೧೮೪೦ರ ದಶಕದಲ್ಲಿ ಅಲ್ಲಿನ ಕುಶಲಕರ್ಮಿಗಳು ಹಬ್ಬದ ಮರಕ್ಕೆ ತೂಗಿಸುವ ಗುಂಡುಗಳನ್ನು ಊದತೊಡಗಿದರು. ೧೮೬೭ರಲ್ಲಿ ಊರಿಗೆ ಅನಿಲದ ಕಾರ್ಖಾನೆ ಬಂದ ಮೇಲೆ ಉರಿಯನ್ನು ಬೇಕಾದಂತೆ ಹಿಡಿತದಲ್ಲಿಡುವುದು ಸಾಧ್ಯವಾಗಿ, ಕಾಗದದಷ್ಟು ತೆಳ್ಳಗಿನ ಗುಂಡುಗಳು ಹುಟ್ಟಿದವು. ಅವುಗಳ ಹೊಳಪು ಹೊರಮೈಯದಲ್ಲ. ಬೆಳ್ಳಿಯ ದ್ರಾವಣವನ್ನು ಗುಂಡಿನ ಕತ್ತಿನಿಂದ ಒಳಕ್ಕೆ ಹಾಕಿ ಅಲುಗಿಸಿದಾಗ ಒಳಗೋಡೆಗೆ ಕನ್ನಡಿಯಂತಹ ಪದರವು ಅಂಟಿಕೊಳ್ಳುತ್ತದೆ; ಬಣ್ಣವನ್ನು ಮಾತ್ರ ಹೊರಗೆ ಹಚ್ಚುತ್ತಾರೆ. ಈ ರಚನೆಯನ್ನು ಅರಿತವರಿಗೆ ಅದನ್ನು ಕಾಪಾಡುವ ಬಗೆಯೂ ತಾನಾಗಿ ತಿಳಿಯುತ್ತದೆ. ಕತ್ತಿನ ಮೂಲಕ ನೀರು ಒಳಹೊಕ್ಕರೆ ಬೆಳ್ಳಿಯ ಪದರವು ಕಪ್ಪಾಗಿ ಸುಲಿಯುತ್ತದೆ. ಹೊರಗೆ ಒದ್ದೆಬಟ್ಟೆಯಿಂದ ಉಜ್ಜಿದರೆ ಹಳೆಯ ಗುಂಡುಗಳ ಬಣ್ಣವು ಬಟ್ಟೆಗೇ ಬಂದುಬಿಡುತ್ತದೆ. ಆದುದರಿಂದ ಇವನ್ನು ಎಂದಿಗೂ ತೊಳೆಯಬಾರದು. ಮೃದುವಾದ ಒಣ ಕುಂಚದಿಂದ ಧೂಳನ್ನು ಹಾರಿಸಿದರೆ ಸಾಕು. ಹಿಡಿಯುವಾಗ ಲೋಹದ ಟೊಪ್ಪಿಗೆಯನ್ನು ಹಿಡಿದೆತ್ತದೆ, ಗುಂಡಿನ ಮೈಯನ್ನೇ ಅಂಗೈಯಲ್ಲಿಟ್ಟುಕೊಳ್ಳಬೇಕು. ತೂಗುವ ಕಬ್ಬಿಣದ ಕೊಕ್ಕೆಗಳನ್ನು ಬಿಚ್ಚಿ ಬೇರೊಂದು ಡಬ್ಬಿಯಲ್ಲಿಡಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಅವು ತುಕ್ಕು ಹಿಡಿದು ಪಕ್ಕದ ಗುಂಡಿಗೂ ಕಲೆ ಮಾಡುತ್ತವೆ.

ಸುತ್ತುವುದಕ್ಕೆ ವೃತ್ತಪತ್ರಿಕೆಯ ಹಾಳೆ ಸುಲಭವಾಗಿ ಸಿಗುವುದೇನೋ ನಿಜ. ಆದರೆ ಅದರ ಮಸಿ ಬಿಳಿಯ ಬಣ್ಣಕ್ಕೆ ಹತ್ತುತ್ತದೆ. ಹಳೆಯದಾದಂತೆ ಹಳದಿಗಟ್ಟುವ ಆ ಕಾಗದದ ಆಮ್ಲವೂ ವಸ್ತುವಿಗೆ ಹಿತವಲ್ಲ. ಅಚ್ಚಿಲ್ಲದ ಬಿಳಿಯ ತೆಳುಕಾಗದ, ಅಥವಾ ಒಗೆದು ಒಣಗಿಸಿದ ಹಳೆಯ ಪಂಚೆಯ ತುಂಡು ಅದಕ್ಕಿಂತ ಎಷ್ಟೋ ಮೇಲು. ಬಟ್ಟೆಗೆ ಗಂಜಿ ಹಾಕಿರಬಾರದೆಂಬುದು ಮುಖ್ಯ. ಗಂಜಿಯ ವಾಸನೆಗೆ ಬೆಳ್ಳಿಮೀನೆಂಬ ಹುಳುವೂ ಜಿರಲೆಯೂ ದೂರದಿಂದ ಬರುತ್ತವೆ.

ಇನ್ನು ಗೋದಲಿ. ಅಸಿಸಿಯ ಸಂತ ಫ್ರಾನ್ಸಿಸರು ೧೨೨೩ರಲ್ಲಿ ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ಹುಲ್ಲು, ಎತ್ತು, ಕತ್ತೆಗಳೊಡನೆ ಕ್ರಿಸ್ತಜನನದ ದೃಶ್ಯವನ್ನು ಏರ್ಪಡಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಆ ಬಡಕೊಟ್ಟಿಗೆಯೇ ಇಂದು ನಮ್ಮ ಕರಾವಳಿಯಲ್ಲಿಯೂ ಬೆಂಗಳೂರಿನಲ್ಲಿಯೂ ಮನೆಮನೆಯ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರತಿಮೆಗಳು ಬಹುತೇಕ ಪ್ಲಾಸ್ಟರ್ ಆಫ್ ಪ್ಯಾರಿಸಿನವು. ಈ ಪುಡಿಗಲ್ಲು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಸೂಕ್ಷ್ಮವಾದ ರಂಧ್ರಗಳಿಂದ ತುಂಬಿರುತ್ತದೆ. ಗಾಳಿಯ ತೇವವನ್ನು ಹೀರಿ ಬಣ್ಣದ ಪದರವನ್ನು ಒಳಗಿನಿಂದಲೇ ಎಬ್ಬಿಸುತ್ತದೆ. ಕೆಲವು ಪ್ರತಿಮೆಗಳ ಕೈಕಾಲುಗಳೊಳಗೆ ಕಬ್ಬಿಣದ ತಂತಿಯಿರುತ್ತದೆ. ಆ ತಂತಿ ತುಕ್ಕು ಹಿಡಿದು ಉಬ್ಬಿದಾಗ ಬೆರಳು ತಾನಾಗಿಯೇ ಬಿರುಕುಬಿಡುತ್ತದೆ. ಯಾರೂ ಮುಟ್ಟದಿದ್ದರೂ ದೇವದೂತನ ಕೈ ಮುರಿದದ್ದು ಹೇಗೆಂದು ಬೆರಗಾಗುವವರಿಗೆ ಇದೇ ಉತ್ತರ. ಇವನ್ನೂ ತೊಳೆಯಕೂಡದು. ಒಣ ಕುಂಚದಿಂದ ಒರಸಿ, ಬಿಸಿಲು ನೇರವಾಗಿ ತಾಗದ, ಗಾಳಿಯಾಡುವ ಕೋಣೆಯಲ್ಲಿ ಎರಡು ದಿನ ಇರಿಸಿ, ಅನಂತರ ಒಂದೊಂದನ್ನೂ ಬೇರೆಬೇರೆಯಾಗಿ ಬಟ್ಟೆಯಲ್ಲಿ ಸುತ್ತಬೇಕು. ಭಾರವಾದ ಎತ್ತು, ಒಂಟೆಗಳು ಪೆಟ್ಟಿಗೆಯ ತಳದಲ್ಲಿರಲಿ. ಶಿಶುವಿನ ಪ್ರತಿಮೆ ಎಲ್ಲದರ ಮೇಲಿರಲಿ. ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಅದೇ ಸುತ್ತಿದ ಕಾಗದದೊಡನೆ ಕಸಕ್ಕೆ ಹೋಗುವ ಸಂಭವ ಹೆಚ್ಚು.

ಗೋದಲಿಗೆ ಹಾಸಿದ ಹುಲ್ಲನ್ನು ಮಾತ್ರ ಕಟ್ಟಿಡಬಾರದು. ಒಂದು ಹಿಡಿ ಹಳೆಯ ಹುಲ್ಲಿನೊಡನೆ ಹುಳುಗಳ ಮೊಟ್ಟೆಗಳೂ ಪೆಟ್ಟಿಗೆಯನ್ನು ಸೇರುತ್ತವೆ. ಅದರಲ್ಲಿ ಕಾಳು ಉಳಿದಿದ್ದರೆ ಇಲಿಗೆ ಕರೆಯೋಲೆ ಕಳುಹಿಸಿದಂತೆಯೇ ಆಯಿತು. ಬಣ್ಣ ತಾಗದ ಶುದ್ಧ ಹುಲ್ಲಾದರೆ ನೆರೆಯ ಹಸುವಿಗೆ ಹಾಕಬಹುದು. ತಟ್ಟೆಗಳಲ್ಲಿ ಮೊಳೆಸಿದ ರಾಗಿ, ಭತ್ತಗಳ ಪೈರನ್ನು ಗಿಡದ ಬುಡಕ್ಕೆ ಸೇರಿಸಬಹುದು. ಹುಲ್ಲಂತೂ ಬರುವ ವರ್ಷವೂ ಹೊಸದಾಗಿ ದೊರೆಯುತ್ತದೆ.

ನಕ್ಷತ್ರದೀಪದ ಕಥೆ ಸ್ವಾರಸ್ಯವಾದುದು. ೧೮೩೦ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನಲ್ಲಿ ಮೊರೇವಿಯನ್ ಪಂಥದವರ ಶಾಲೆಯೊಳಗೆ ರೇಖಾಗಣಿತದ ಅಭ್ಯಾಸವಾಗಿ ಹುಡುಗರು ಕಾಗದದ ಬಹುಮುಖ ನಕ್ಷತ್ರವನ್ನು ಮಾಡಿದರು. ಮುಂದೆ ಅದು ಹೆರ್ನ್‌ಹುಟ್ ಎಂಬ ಊರಿನ ಹೆಸರಿನಿಂದ ಪ್ರಖ್ಯಾತವಾಯಿತು. ಅದರ ವಿಶೇಷವೇನೆಂದರೆ, ಮೊನೆಗಳನ್ನು ಬಿಡಿಬಿಡಿಯಾಗಿ ಮಾರುತ್ತಾರೆ. ಪ್ರತಿವರ್ಷವೂ ಮನೆಮಂದಿಯೆಲ್ಲ ಕುಳಿತು ಜೋಡಿಸಿ, ಹಬ್ಬ ಕಳೆದ ಮೇಲೆ ಮತ್ತೆ ಬಿಚ್ಚಿಡುತ್ತಾರೆ. ಬಿಚ್ಚಿಡುವುದೂ ಹಬ್ಬದ ಒಂದು ಅಂಗವೇ ಎಂಬ ಭಾವನೆ ಅದರಲ್ಲಿ ಅಡಗಿದೆ. ನಮ್ಮ ಕಾಗದದ ನಕ್ಷತ್ರಗಳನ್ನೂ ಮಡಿಸಿಡುವುದಕ್ಕೆ ಮೊದಲು ಬಲ್ಬನ್ನು ತೆಗೆದು, ದೀಪಕ್ಕೆ ಮುತ್ತಿ ಒಳಗೆ ಸತ್ತುಬಿದ್ದ ಹುಳುಗಳನ್ನು ಕೊಡವಿ ಹಾಕಬೇಕು. ಅವು ಒಳಗುಳಿದರೆ ಇರುವೆಗಳೂ ಜಿರಲೆಗಳೂ ಬರುತ್ತವೆ. ಮನೆಯಲ್ಲಿ ಬಿದಿರಿನ ಕಡ್ಡಿಗೆ ಮೈದಾ ಅಂಟಿನಿಂದ ಕಾಗದ ಹಚ್ಚಿ ಮಾಡಿದ ನಕ್ಷತ್ರವಾದರೆ ಅದನ್ನು ಉಳಿಸುವ ಪ್ರಯತ್ನ ವ್ಯರ್ಥ. ಕಡ್ಡಿಯ ಚೌಕಟ್ಟನ್ನು ಮಾತ್ರ ಕಾಪಾಡಿ, ಮುಂದಿನ ಡಿಸೆಂಬರಿನಲ್ಲಿ ಹೊಸ ಕಾಗದವನ್ನು ಮಕ್ಕಳ ಕೈಯಿಂದಲೇ ಅಂಟಿಸುವುದು ಲೇಸು.

ವಿದ್ಯುದ್ದೀಪಗಳ ಸರದ ವಿಷಯದಲ್ಲಿ ಮಮತೆ ಕೂಡದು. ೧೮೮೨ರಲ್ಲಿ ಎಡಿಸನ್ ಅವರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ನ್ಯೂಯಾರ್ಕಿನ ತಮ್ಮ ಮನೆಯ ಹಬ್ಬದ ಮರಕ್ಕೆ ೮೦ ಪುಟ್ಟ ವಿದ್ಯುದ್ದೀಪಗಳನ್ನು ತೊಡಿಸಿದರು. ಮೇಣದಬತ್ತಿಯ ಬೆಂಕಿಯ ಭಯಕ್ಕೆ ಅದು ಪರಿಹಾರವೆನಿಸಿತು. ಹಳೆಯ ಸರವೇ ಈಗ ಬೆಂಕಿಗೆ ಕಾರಣವಾಗುವಂತೆ ಆಗಬಾರದಷ್ಟೆ. ಕಟ್ಟಿಡುವ ಮೊದಲು ಸರದ ಉದ್ದಕ್ಕೂ ಬೆರಳಾಡಿಸಿ ನೋಡಬೇಕು; ಹಾಗೆ ನೋಡುವಾಗ ಅದನ್ನು ವಿದ್ಯುತ್ತಿನಿಂದ ಕಳಚಿರಬೇಕೆಂದು ಹೇಳಬೇಕಾದುದಿಲ್ಲ. ಹೊದಿಕೆ ಬಿರಿದಿದ್ದರೆ, ಇಲಿ ಕಡಿದಿದ್ದರೆ, ಒಳಗಿನ ತಾಮ್ರ ಕಾಣುತ್ತಿದ್ದರೆ ಅದಕ್ಕೆ ಅಂಟುಪಟ್ಟಿ ಸುತ್ತಿ ಇನ್ನೊಂದು ವರ್ಷ ನೂಕುವ ಆಲೋಚನೆ ಬೇಡ. ಚೆನ್ನಾಗಿರುವ ಸರವನ್ನು ಗಂಟುಬೀಳದಂತೆ ದಪ್ಪ ರಟ್ಟಿನ ತುಂಡಿಗೆ ಸಡಿಲವಾಗಿ ಸುತ್ತಿಡಬೇಕು. ಬ್ಯಾಟರಿಯಿಂದ ಉರಿಯುವ ದೀಪಗಳಾದರೆ ಬ್ಯಾಟರಿಗಳನ್ನು ತಪ್ಪದೆ ತೆಗೆಯಬೇಕು. ಅವು ಸೋರಿದರೆ ಒಳಗಿನ ಲೋಹವನ್ನೆಲ್ಲ ತಿಂದುಹಾಕುತ್ತವೆ.

ಮರದ ವಿಚಾರ ಚಿಕ್ಕದು. ಸರ್ವೆಯ ಕೊಂಬೆಯನ್ನು ತಂದು ನಿಲ್ಲಿಸಿದವರು ಅದು ಒಣಗಿ ಉದುರುವ ಮೊದಲೇ ಹೊರಹಾಕಬೇಕು. ಒಣಗಿದ ಕೊಂಬೆ ಸೌದೆಯಷ್ಟೇ ಬೇಗ ಉರಿಯುತ್ತದೆ. ಕುಂಡದಲ್ಲಿ ಬೆಳೆದ ಗಿಡವಾದರೆ ಒಳಗಿನಿಂದ ಒಮ್ಮೆಲೇ ಉರಿಬಿಸಿಲಿಗೆ ಇಡದೆ, ಮೊದಲು ನೆರಳಿನಲ್ಲಿ ಕೆಲವು ದಿನ ಇರಿಸಬೇಕು. ಪ್ಲಾಸ್ಟಿಕ್ಕಿನ ಮರವನ್ನು ಧೂಳು ಕೊಡವಿ, ರೆಂಬೆಗಳನ್ನು ಮೇಲ್ಮುಖವಾಗಿ ಮಡಿಸಿ, ಬಟ್ಟೆಯ ಪಟ್ಟಿಯಿಂದ ಕಟ್ಟಿ ಚೀಲದೊಳಗಿಡುವುದು. ಹಳೆಯದಾದ ಪ್ಲಾಸ್ಟಿಕ್ ಮರವನ್ನಾಗಲಿ ಬೇಗಡೆಯ ಮಾಲೆಯನ್ನಾಗಲಿ ಹಿತ್ತಲಿನಲ್ಲಿ ಸುಡಬಾರದು. ಆ ಹೊಗೆ ಕಣ್ಣಿಗೂ ಶ್ವಾಸಕ್ಕೂ ಕೇಡು. ಬೇಗಡೆಯ ಮಾತು ಬಂದುದರಿಂದ ಇನ್ನೊಂದನ್ನು ಸೂಚಿಸಬೇಕು. ವಿದೇಶದಿಂದ ಬಂದ ಬಹಳ ಹಳೆಯ ಭಾರವಾದ ಬೇಗಡೆಯ ಎಳೆಗಳಲ್ಲಿ ಸೀಸವಿರುವ ಸಂಭವವುಂಟು. ಅಮೆರಿಕದಲ್ಲಿ ಅದರ ತಯಾರಿಕೆಯು ೧೯೭೨ರ ಹೊತ್ತಿಗೆ ನಿಂತಿತು. ಅಂತಹವು ಮನೆಯಲ್ಲಿದ್ದರೆ ಮಕ್ಕಳ ಕೈಗೆ ಕೊಡಬಾರದು.

ಹುಳುಗಳಿಗೆ ಅಂಜಿ ಡಾಂಬರು ಗುಳಿಗೆಗಳನ್ನು ಹಿಡಿಹಿಡಿಯಾಗಿ ಸುರಿಯುವ ಅಭ್ಯಾಸವು ನಮ್ಮಲ್ಲಿ ವ್ಯಾಪಕವಾಗಿದೆ. ಮಿಠಾಯಿಯಂತೆ ಕಾಣುವ ಆ ಗುಳಿಗೆ ಎಳೆಯ ಮಕ್ಕಳಿಗೆ ವಿಷ. ಅದರ ಹಬೆಯು ಕೆಲವು ಬಗೆಯ ಪ್ಲಾಸ್ಟಿಕ್ಕನ್ನೂ ಥರ್ಮೊಕೋಲನ್ನೂ ಕರಗಿಸುತ್ತದೆ. ಗೋದಲಿಯ ಬೆಟ್ಟವನ್ನು ಥರ್ಮೊಕೋಲಿನಿಂದ ಮಾಡಿದವರು ಇದನ್ನು ಮರೆಯಬಾರದು. ಕರ್ಪೂರವನ್ನೂ ಡಾಂಬರು ಗುಳಿಗೆಯನ್ನೂ ಒಟ್ಟಿಗೆ ಇಟ್ಟರೆ ಎರಡೂ ಸೇರಿ ಜಿಡ್ಡಾದ ದ್ರವವಾಗಿ ಬಟ್ಟೆಗೆ ಹತ್ತುತ್ತವೆ. ನಮ್ಮ ಅಭಿಪ್ರಾಯದಲ್ಲಿ ಶುಚಿಯೂ ಒಣಗುವಿಕೆಯೂ ಇದ್ದಲ್ಲಿ ಗುಳಿಗೆಯ ಅವಶ್ಯಕತೆಯೇ ಕಡಮೆ. ಔಷಧದ ಸೀಸೆಗಳಲ್ಲಿ ಬರುವಂತಹ ಸಿಲಿಕಾ ಜೆಲ್ ಪೊಟ್ಟಣಗಳನ್ನು ಪೆಟ್ಟಿಗೆಗೆ ನಾಲ್ಕಾರು ಹಾಕಿದರೆ ತೇವವನ್ನು ಹೀರಿಕೊಳ್ಳುತ್ತವೆ. ಅವುಗಳನ್ನೂ ಮಕ್ಕಳಿಂದ ದೂರವಿಡತಕ್ಕದ್ದು.

ಪೆಟ್ಟಿಗೆಯು ರಟ್ಟಿನದಾಗಿರುವುದಕ್ಕಿಂತ ತಗಡಿನದಾಗಿರುವುದು ಮೇಲು. ರಟ್ಟು ತೇವವನ್ನು ಹೀರುತ್ತದೆ, ಗೆದ್ದಲಿಗೆ ಆಹಾರವೂ ಆಗುತ್ತದೆ. ಹಳೆಯ ಟ್ರಂಕು ಇದ್ದರೆ ಅದೇ ಉತ್ತಮ. ನೆಲಕ್ಕೆ ತಾಗದಂತೆ ಎರಡು ಹಲಗೆಗಳ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಅದನ್ನು ಇರಿಸಬೇಕು. ಹಂಚಿನ ಮಾಡಿನ ಮನೆಗಳಲ್ಲಿ ಅಟ್ಟದ ಯಾವ ಮೂಲೆ ಸೋರುತ್ತದೆಂಬುದು ಮನೆಯವರಿಗೆ ಗೊತ್ತಿರುತ್ತದೆ; ಆ ಮೂಲೆಯನ್ನು ಬಿಡಬೇಕು. ಕುಸ್ವಾರದ ತಿಂಡಿ ತುಂಬಿದ್ದ ಡಬ್ಬಿಗಳನ್ನು ಚಿಕ್ಕ ಸಾಮಾನುಗಳಿಗೆ ಉಪಯೋಗಿಸುವವರು ಅವನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿಕೊಳ್ಳಬೇಕು. ಒಂದು ಚೂರು ಬೆಲ್ಲ ಮೂಲೆಯಲ್ಲಿ ಉಳಿದಿದ್ದರೂ ಇರುವೆಗಳು ಅದನ್ನು ಹುಡುಕದೆ ಬಿಡುವುದಿಲ್ಲ.

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಮೇ ತಿಂಗಳಿನಲ್ಲಿ, ಮಳೆ ಹಿಡಿಯುವುದಕ್ಕೆ ಮೊದಲು, ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಬೇಕು. ಮಳೆ ಬಿಟ್ಟ ಮೇಲೆ ದಸರೆಯ ಹೊತ್ತಿಗೆ ಮತ್ತೊಮ್ಮೆ ತೆರೆದು ಗಾಳಿಯಾಡಿಸಬೇಕು. ಮೈಸೂರಿನ ಕಡೆಯ ಮನೆಗಳಲ್ಲಿ ಅದೇ ಕಾಲಕ್ಕೆ ಗೊಂಬೆಗಳ ಪೆಟ್ಟಿಗೆಯೂ ಅಟ್ಟದಿಂದ ಇಳಿಯುತ್ತದೆ. ತಾಯಿ ಮಗಳಿಗೆ ಮದುವೆಯಲ್ಲಿ ಕೊಟ್ಟ ಪಟ್ಟದ ಗೊಂಬೆಗಳು ತಲೆಮಾರುಗಳನ್ನು ದಾಟಿ ಬಂದಿರುವುದು ಕೇವಲ ಮರ ಗಟ್ಟಿಯಾಗಿರುವುದರಿಂದಲ್ಲ. ವರ್ಷಕ್ಕೊಮ್ಮೆ ಯಾರೋ ಅವುಗಳನ್ನು ಬಿಚ್ಚಿ, ಒರಸಿ, ಮತ್ತೆ ಸುತ್ತಿದ್ದರಿಂದ. ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸಿ, ಅನಂತರವೇ ಎಲ್ಲವನ್ನೂ ಕಟ್ಟುವ ಪದ್ಧತಿಯು ಹಲವು ಮನೆಗಳಲ್ಲಿದೆ. ಆಡಿದ ವಸ್ತುವಿಗೂ ವಿಶ್ರಾಂತಿ ಬೇಕೆಂಬ ಈ ಗೌರವಬುದ್ಧಿಯನ್ನು ಎಲ್ಲ ಹಬ್ಬದವರೂ ಕಲಿಯಬಹುದು.

ಕೊನೆಯದಾಗಿ ನಾವು ಎಲ್ಲಕ್ಕಿಂತ ಒತ್ತಿಹೇಳುವ ಮಾತೊಂದುಂಟು. ಪೆಟ್ಟಿಗೆಯೊಳಗೆ ಒಂದು ಹಾಳೆಯನ್ನಿಡಿ. ಅದರಲ್ಲಿ ಯಾವ ವಸ್ತು ಎಲ್ಲಿಂದ ಬಂತು, ಯಾರು ಕೊಟ್ಟರು, ಯಾವ ವರ್ಷ ಕೊಂಡದ್ದು, ಗೋದಲಿಯ ಯಾವ ಹಲಗೆ ಯಾವುದರ ಮೇಲೆ ಕೂಡಬೇಕು ಎಂಬುದನ್ನು ತಿಳಿಯಾಗಿ ಬರೆಯಿರಿ. ಇದು ಅನಾವಶ್ಯಕವೆಂದು ಕೆಲವರು ನಗಬಹುದು: ‘ನನಗೆ ಎಲ್ಲವೂ ನೆನಪಿದೆಯಲ್ಲ?’ ನೆನಪು ಇರುವುದೇನೋ ನಿಜ. ಆದರೆ ಅದು ಒಬ್ಬರ ತಲೆಯಲ್ಲಿ ಮಾತ್ರ ಇದೆ. ಇಡುವ ಕೈಯೇ ಪ್ರತಿವರ್ಷವೂ ತೆಗೆಯುವ ಕೈಯಾಗಿರುತ್ತದೆಂದು ಯಾರೂ ಭರವಸೆ ಕೊಡಲಾರರು. ಮನೆಯ ಹಿರಿಯಳು ಇಲ್ಲವಾದ ವರ್ಷ ಪೆಟ್ಟಿಗೆಯನ್ನು ಸೊಸೆ ತೆರೆಯಬಹುದು. ದೂರದೇಶದಿಂದ ಬಂದ ಮಗ ತೆರೆಯಬಹುದು. ಆ ಹಾಳೆಯಿಲ್ಲದಿದ್ದರೆ, ಕಿವಿ ಮುರಿದ ಆ ಮಣ್ಣಿನ ಕುರಿಯು ಅವರ ಕಣ್ಣಿಗೆ ಬರಿಯ ಒಡಕು ಸಾಮಾನಾಗಿ ಕಾಣುತ್ತದೆ. ಅದು ಮನೆಯ ಮೊದಲ ಗೋದಲಿಯ ಕುರಿಯೆಂದು ಬರೆದಿದ್ದರೆ, ಕಿವಿಯಿಲ್ಲದೆಯೇ ಅದಕ್ಕೆ ಕೊಟ್ಟಿಗೆಯ ಮುಂದೆ ಜಾಗ ದೊರೆಯುತ್ತದೆ.

ಆದುದರಿಂದ ಈ ಕೆಲಸವನ್ನು ಯಜಮಾನಿಯೊಬ್ಬರಿಗೇ ಬಿಡದೆ, ಒಂದು ಭಾನುವಾರದ ಮಧ್ಯಾಹ್ನ ಮನೆಮಂದಿಯೆಲ್ಲ ಕುಳಿತು ಮಾಡುವುದೇ ಸರಿಯಾದ ಕ್ರಮವೆಂದು ನಾವು ಭಾವಿಸುತ್ತೇವೆ. ದೊಡ್ಡವರು ಸುತ್ತಲಿ, ಚಿಕ್ಕವರು ಕೊಕ್ಕೆಗಳನ್ನು ಎಣಿಸಿ ಡಬ್ಬಿಗೆ ಹಾಕಲಿ, ಅಕ್ಷರ ಚೆನ್ನಾಗಿರುವವರು ಹಾಳೆಯನ್ನು ಬರೆಯಲಿ, ಅಜ್ಜಿಯಿದ್ದರೆ ಅವರು ಹೇಳುತ್ತ ಹೋಗಲಿ. ಅವರು ಹೇಳುವುದನ್ನು ಕೇಳಿ ಬರೆದುಕೊಳ್ಳುವುದಕ್ಕೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ದಿನ ಸಿಗಲಾರದು.